ಹದಿನೇಳನೇ ಪುಟದ ಗೀಟು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣವಾದದ್ದು ಒಂದು ಗೀಟು. ಅಕ್ಕಿಕಾಳಿನಷ್ಟು ಉದ್ದ, ಕೂದಲೆಳೆಯಷ್ಟು ದಪ್ಪ. ಅದು ಇರಬೇಕಾದ ಜಾಗದಲ್ಲಿ ಮೂರು ವರ್ಷದಿಂದ ಇರಲಿಲ್ಲ, ಜಗತ್ತು ಅದಿಲ್ಲದೆ ಸುಖವಾಗಿಯೇ ನಡೆದುಕೊಂಡು ಹೋಗುತ್ತಿತ್ತು. ಅದು ಇಲ್ಲ ಅನ್ನುವುದು ಅಂಚಪ್ಪನ ಕಣ್ಣಿಗೆ ಬಿತ್ತಲ್ಲ, ಅಲ್ಲಿಂದ ಶುರುವಾಯಿತು ಗ್ರಹಚಾರ.

ಕಣ್ಣಿಗೆ ಬಿದ್ದದ್ದೂ ಹೆಂಡತಿಯ ದೆಸೆಯಿಂದ. ಕನ್ನಡಕದಂಗಡಿಯಲ್ಲಿ ದಿನವಿಡೀ ಊರವರ ಕಣ್ಣು ಪರೀಕ್ಷೆ ಮಾಡುವ ಆಕೆ ಅವತ್ತು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ, "ಮೂರು ಗಂಟೆಗೆ ಸಂದರ್ಶನ ಇದೆ. ನೀನು ಬರೆದಿದ್ದನ್ನ ನೀನೇ ಒಂದ್ಸಲ ಓದ್ಕೊಂಡು ಹೋಗಬಾರದಾ?" ಅಂದಳು.

"ನಾನೇ ಬರೆದಿದ್ದಲ್ವೇನೇ? ನಾನ್ಯಾಕೆ ಓದಲಿ?"

"ಬರೆಯೋವಾಗ ಯಾವ ಲೋಕದಲ್ಲಿದ್ಯೋ ಯಾರಿಗ್ಗೊತ್ತು! ನನ್ನ ಸಮಾಧಾನಕ್ಕಾದ್ರೂ ಓದು."

ಆಕೆಯ ಸಮಾಧಾನಕ್ಕೆ ಆರು ವರ್ಷದ ಬಾಕಿಯಿತ್ತು. ಆರು ವರ್ಷದಿಂದ ಅಂಚಪ್ಪ ಒಂದು ವಿಜ್ಞಾನ ಸಂಸ್ಥೆಯಲ್ಲಿ ಒಂದೊಂದೇ ವರ್ಷದ ಗುತ್ತಿಗೆಯ ಮೇಲೆ ಇದ್ದ. ಮನೆಯಲ್ಲಿ ಹನ್ನೊಂದು ರಟ್ಟಿನ ಪೆಟ್ಟಿಗೆಗಳು ಕಟ್ಟು ಬಿಚ್ಚದೆ ಗೋಡೆಗೊರಗಿ ಕೂತಿದ್ದವು. ಮುಂದಿನ ವರ್ಷ ಮತ್ತೆ ಕಟ್ಟಬೇಕಾದದ್ದನ್ನು ಬಿಚ್ಚುವುದೇಕೆ ಅಂತ. ಈಗ ಕಾಯಂ ಹುದ್ದೆಯೊಂದು ಖಾಲಿಯಾಗಿತ್ತು. ಇವತ್ತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಂಥದ್ದು ಮತ್ತೆ ಯಾವ ಕಾಲಕ್ಕೋ.

ಅಂಚಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಸಂಸ್ಥೆಯವರು ಇಟ್ಟದ್ದು. ಅವನ ಸಂಶೋಧನೆಯೆಲ್ಲ ಹರಳುಗಳ ಅಂಚಿನದು. ಕೆಲವು ಹರಳುಗಳಿವೆ, ಒಳಗೆಲ್ಲ ಕರೆಂಟು ಹರಿಯುವುದಿಲ್ಲ, ಕಲ್ಲಿನ ಹಾಗೆ ಬಿಗಿದುಕೊಂಡಿರುತ್ತವೆ. ಆದರೆ ಸುತ್ತಲಿನ ಅಂಚಿನಲ್ಲಿ ಮಾತ್ರ ಅದು ಯಾರ ಹಂಗೂ ಇಲ್ಲದೆ ಓಡುತ್ತದೆ. ಮನೆಯೊಳಗೆ ಯಾರೂ ಬಾಯಿ ಬಿಡದಿದ್ದರೂ ಸುದ್ದಿ ಕಾಂಪೌಂಡಿನ ಗುಂಟ ಓಡುತ್ತದಲ್ಲ, ಹಾಗೆ. ದಾರಿಯಲ್ಲಿ ಕೊಳೆಯಿರಲಿ, ಬಿರುಕಿರಲಿ, ಬಳಸಿಕೊಂಡು ಮುಂದೆ ಹೋಗುತ್ತದೆಯೇ ಹೊರತು ಹಿಂದೆ ತಿರುಗುವುದಿಲ್ಲ. ಒಂದು ಹರಳು ಈ ಜಾತಿಯದೋ ಅಲ್ಲವೋ ಎಂದು ಹೇಳಲು ಒಂದು ಸಂಖ್ಯೆಯಿದೆ. ಲೆಕ್ಕ ಹಾಕಿದಾಗ 'ಒಂದು' ಬಂದರೆ ಹೌದು. 'ಸೊನ್ನೆ' ಬಂದರೆ ಮಾಮೂಲಿ ಕಲ್ಲು. ಅರ್ಧ, ಮುಕ್ಕಾಲು ಅನ್ನುವ ಚೌಕಾಸಿ ಅಲ್ಲಿಲ್ಲ. ಮೂರು ವರ್ಷದ ಹಿಂದೆ ಅಂಚಪ್ಪ ಒಂದು ಬೂದುಬಣ್ಣದ ಹರಳಿನ ಬಗ್ಗೆ, ಅದನ್ನು ಕಣ್ಣಿಂದಲೂ ನೋಡದೆ, ಇಪ್ಪತ್ತೊಂಬತ್ತು ಪುಟ ಲೆಕ್ಕ ಮಾಡಿ 'ಒಂದು' ಎಂದು ಸಾರಿದ್ದ. ಅವನ ಹೆಸರು ನಾಲ್ಕು ಕಡೆ ಕೇಳಿಬಂದದ್ದೇ ಆ ಪ್ರಬಂಧದಿಂದ.

ಬಸ್ಸು ಕೆರೆಯನ್ನು ಸುತ್ತು ಹಾಕಿಕೊಂಡು ಹೋಗುತ್ತಿತ್ತು. ಅವತ್ತು ಮಂಜು ಕವಿದು ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ದಡದ ದೀಪಗಳನ್ನು ಇನ್ನೂ ಆರಿಸಿರಲಿಲ್ಲ. ಒಂದರ ಹಿಂದೊಂದು ಅವು ಮಂಜಿನಲ್ಲಿ ಮೂಡಿ ಸರಿದು ಹೋಗುವುದನ್ನು ನೋಡುತ್ತ ಅಂಚಪ್ಪನಿಗೆ ತನ್ನ ಎಲೆಕ್ಟ್ರಾನುಗಳೇ ಕೈಯಲ್ಲಿ ದೀಪ ಹಿಡಿದು ದಡದ ಗುಂಟ ನಡೆದ ಹಾಗೆ ಕಂಡಿತು. ಅವುಗಳ ಜೊತೆ ತಾನೂ ಸ್ವಲ್ಪ ದೂರ ನಡೆದ. ಆಮೇಲೆ ಹೆಂಡತಿಯ ಮಾತು ನೆನಪಾಗಿ ಚೀಲದಿಂದ ಪ್ರಬಂಧ ತೆಗೆದ.

ಹದಿನಾರು ಪುಟ ಖುಷಿಯಾಗಿ ಓದಿದ. 'ಪರವಾಗಿಲ್ಲ, ಆಸಾಮಿ ಚೆನ್ನಾಗಿ ಬರೆದಿದ್ದಾನೆ' ಅನ್ನಿಸಿತು. ಹದಿನೇಳನೇ ಪುಟದಲ್ಲಿ ಒಂದು ಸಾಲಿನ ಹಿಂದೆ ಮೈನಸ್ ಗೀಟಿತ್ತು. ಅದರ ಕೆಳಗಿನ ಸಾಲಿನಲ್ಲಿ ಇರಲಿಲ್ಲ. ಅಂಚಪ್ಪ ಮಂಜು ಹಿಡಿದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಲೆಕ್ಕ ಹಾಕತೊಡಗಿದ. ಗೀಟು ಸೇರಿಸಿದ, ಎರಡು ಸಾಲು ಬರೆದ, ಮುಂದಿನದು ಪ್ರಬಂಧದಲ್ಲಿರುವ ಹಾಗೇ ಎಂದುಕೊಂಡು ಉತ್ತರ ಬರೆದ. ಸೊನ್ನೆ. ಗಾಜಿನ ಮೇಲಿನ ಆ ದುಂಡನೆಯ ಸೊನ್ನೆಯೊಳಗಿಂದ ಕೆರೆ ಕಂಡಿತು, ಅದರೊಳಗೆ ಒಂದು ದೀಪ ಬಂದು ಹೋಯಿತು. ಅಯ್ಯೋ, ಎಷ್ಟು ಚೆಂದ ಕಾಣುತ್ತದಲ್ಲಪ್ಪ ಎಂದು ಒಂದು ಗಳಿಗೆ ಮೈಮರೆತ.

"ಸ್ವಾಮೀ, ಕಿಟಕಿ ಇರೋದು ಬರೆಯೋಕಲ್ಲ," ಎಂದ ಕಂಡಕ್ಟರು. "ನಿಮ್ಮ ಸ್ಟಾಪು ಹೋಗಿ ಇದು ಎರಡನೇ ಸುತ್ತು."

ಸಂಸ್ಥೆಯಲ್ಲಿ ಅಂಚಪ್ಪನ ಕೋಣೆಯನ್ನು ಹಂಚಿಕೊಂಡವನು ಎದುರುಮೇಜಿನವ. ಪ್ರಬಂಧದ ಎರಡನೇ ಲೇಖಕನೂ ಅವನೇ. ಅಂಚಪ್ಪ ಬಾಗಿಲು ಹಾಕಿ, ಉಸಿರು ತೆಗೆದುಕೊಂಡು, ಗೀಟಿನ ಕತೆ ಹೇಳಿ, "ಯಾರಿಗೂ ಹೇಳ್ಬೇಡ ಮಾರಾಯ" ಎಂದ.

"ಹೊಟ್ಟೇಲಿ ಹಾಕ್ಕೊಂಡೆ ಅಂತ ತಿಳ್ಕೊ," ಎಂದ ಎದುರುಮೇಜಿನವ. "ಅದ್ಸರಿ, ಹದಿನೇಳನೇ ಪುಟ ಯಾವ ಪುಣ್ಯಾತ್ಮ ಓದ್ತಾನೆ? ಲೇಖಕ ಅಂತ ಹೆಸರು ಹಾಕಿಸ್ಕೊಂಡಿರೋ ನಾನೇ ಮೂರನೇ ಪುಟ ದಾಟಿಲ್ಲ."

"ಆದ್ರೂ ತಪ್ಪು ತಪ್ಪೇ ಅಲ್ವಾ?"

"ಹಾಗಾದ್ರೆ ಎಡವನ್ನೇ ಬಲ ಅಂತ ಇಟ್ಕೊಂಡಿದೀನಿ, ಅದಕ್ಕೇ ಮೈನಸ್ ಬರಲ್ಲ ಅಂದ್ಬಿಡು. ನಮ್ಮ ಶಾಸ್ತ್ರದಲ್ಲಿ ಒಬ್ಬೊಬ್ಬನಿಗೂ ಅವನದೇ ಎಡ, ಅವನದೇ ಬಲ. ಯಾವನೂ ಕೆಮ್ಮೋ ಹಾಗಿಲ್ಲ."

"ಅದು ಎಲ್ಲಾ ಸಾಲಲ್ಲೂ ಆಗ್ಬೇಕು ಕಣೋ. ಒಂದೇ ಸಾಲಲ್ಲಿ ಆದ್ರೆ ಅದಕ್ಕೆ ತಪ್ಪು ಅಂತಾರೆ."

"ನಿನ್ನ ಹಣೆಬರಹ!" ಎಂದು ಎದುರುಮೇಜಿನವ ಕಾಫಿಗೆ ಎದ್ದು ಹೋದ.

ಅವನು ಹೊಟ್ಟೆಯಲ್ಲಿ ಹಾಕಿಕೊಂಡದ್ದು ಕಾಫಿ ಬಿದ್ದ ಕೂಡಲೇ ಮೇಲೆದ್ದು ಬಂದಿರಬೇಕು. ಅರ್ಧ ಗಂಟೆಯಲ್ಲಿ ಗ್ರಂಥಪಾಲಕರು ಬಂದು, ಸೂತಕದ ಮನೆಗೆ ಬಂದವರ ಹಾಗೆ ಅಂಚಪ್ಪನ ಕೈ ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ನಿಂತು ಹೋದರು. ಬಾಗಿಲ ಸಂದಿಯಿಂದ ಯಾರೋ ಬೇರೆ ಊರಿನ ಕೆಲಸ ಖಾಲಿ ಇರುವ ಜಾಹೀರಾತು ತೂರಿಸಿದರು. ಕ್ಯಾಂಟೀನಿನವನು, "ಸರ್, ನಿಮ್ಮದು ಸೊನ್ನೆ ಆಯ್ತಂತೆ? ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೀನಿ, ಕುಡೀರಿ" ಎಂದ.

ಆ ಸಿಹಿ ಕಾಫಿ ಗಂಟಲಲ್ಲಿ ಇಳಿಯುವಾಗ ಅಂಚಪ್ಪನಿಗೆ ಥಂಡಿಯಕ್ಕ ನೆನಪಾದಳು. ಇಡೀ ಕಟ್ಟಡಕ್ಕೆ ಗೊತ್ತಾಗಿದೆ, ಮೊದಲು ಗೊತ್ತಾಗಬೇಕಾದ ಹೆಂಗಸಿಗೇ ಹೇಳಿಲ್ಲವಲ್ಲ ಎಂದು ನಾಚಿಕೆಯಾಯಿತು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದ.

ಥಂಡಿಯಕ್ಕನದು ಪ್ರಯೋಗದ ಕೆಲಸ. ವರ್ಷದ ಹನ್ನೆರಡು ತಿಂಗಳೂ ಮೊಣಕಾಲು ಮುಟ್ಟುವ ಸ್ವೆಟರು ಹಾಕಿಕೊಂಡು, ನಕ್ಷತ್ರಗಳ ನಡುವೆಯೂ ಇಲ್ಲದಷ್ಟು ತಣ್ಣಗಿನ ಒಂದು ದೊಡ್ಡ ಯಂತ್ರವನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದಳು. ಅಂಚಪ್ಪನ ಪ್ರಬಂಧವನ್ನು ನಂಬಿ, ಆ ಬೂದು ಹರಳನ್ನು ತಾನೇ ಬೆಳೆಸಿ, ತಣ್ಣಗಾಗಿಸಿ, ಅಂಚಿನಲ್ಲಿ ಕರೆಂಟು ಹರಿಯುವುದನ್ನು ಕಾಣಲು ಮೂರು ವರ್ಷದಿಂದ ಒದ್ದಾಡುತ್ತಿದ್ದಳು. ಹರಿದಿರಲಿಲ್ಲ. ಪ್ರತಿ ಸಭೆಯಲ್ಲೂ ತಲೆ ತಗ್ಗಿಸಿ, "ಹರಳು ಇನ್ನೂ ಶುದ್ಧ ಬರ್ತಾ ಇಲ್ಲ, ನನ್ನದೇ ಕೊರತೆ" ಎನ್ನುತ್ತಿದ್ದಳು. ಈಗ ಯಂತ್ರದೊಳಗಿರುವುದು ನಲವತ್ತೊಂದನೆಯ ಹರಳು.

ಕೆಳಗೆ ನೀಲಿ ಬೆಳಕಿತ್ತು. ಪಂಪು ಜೋಗುಳದ ಹಾಗೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಆ ಸದ್ದಿಗೆ ಅಂಚಪ್ಪನ ಮಾತು ನಿಧಾನವಾಗಿ, ಕನಸಿನಲ್ಲಿ ಆಡಿದ ಹಾಗೆ ಬಂತು.

"ಅಕ್ಕಾ, ನಿಮ್ಮದೇನೂ ಕೊರತೆಯಿಲ್ಲ. ತಪ್ಪು ನಂದು. ಅದು ಒಂದಲ್ಲ, ಸೊನ್ನೆ. ಆ ಹರಳಲ್ಲಿ ಏನೂ ಹರಿಯಲ್ಲ. ಯಾವತ್ತೂ ಹರಿಯಲ್ಲ."

ಅವಳು ಯಂತ್ರದ ಕಡೆ ಒಮ್ಮೆ ತಿರುಗಿ ನೋಡಿದಳು. "ಸರಿಯಾಗಿ ನೋಡಿದೀರಾ?"

"ಗಾಜಿನಷ್ಟು ಸ್ಪಷ್ಟವಾಗಿ."

ಥಂಡಿಯಕ್ಕ ನೆಲದ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಅಂಚಪ್ಪ ಕಾದ. ಅವಳು ನಗಲು ಶುರು ಮಾಡಿದಳು. "ನಲವತ್ತೊಂದು ಹರಳು! ಮೂರು ವರ್ಷ ಕನ್ನಡಿ ಮುಂದೆ ನಿಂತು ನಿನ್ನ ಕೈಗುಣವೇ ಸರಿಯಿಲ್ಲ ಕಣೇ ಅಂತ ನನ್ನನ್ನ ನಾನೇ ಬೈಕೊಂಡಿದೀನಿ. ನನ್ನ ಗಂಡ ಕೂಡ ಈ ಕೆಲಸ ಬಿಟ್ಬಿಡು ಅಂತಿದ್ರು. ತಪ್ಪು ನಂದಲ್ಲ! ಅಪ್ಪಾ ದೇವರೇ, ತಪ್ಪು ನಂದಲ್ಲ!" ನಗುತ್ತ ನಗುತ್ತ ಕಣ್ಣೊರೆಸಿಕೊಂಡು ಎದ್ದು ಅವನ ಎರಡೂ ಕೈ ಹಿಡಿದುಕೊಂಡಳು. "ನೀವು ದೊಡ್ಡ ಮನುಷ್ಯರು. ಬೇರೆ ಯಾರಾದ್ರೂ ಆಗಿದ್ರೆ ಬಚ್ಚಿಡ್ತಿದ್ರು. ಹೋಗಿ, ಸಂದರ್ಶನ ಮುಗಿಸಿ ಬನ್ನಿ."

ಅಂಚಪ್ಪನಿಗೆ ಬೆಳಿಗ್ಗೆಯಿಂದ ಮೊದಲ ಸಲ ಮೈ ಹಗುರಾಯಿತು. ಹುದ್ದೆ ಹೋದರೆ ಹೋಗಲಿ, ಒಬ್ಬಳ ಎದೆಯ ಮೇಲಿನ ಕಲ್ಲಾದರೂ ಇಳಿಯಿತಲ್ಲ. ಮೆಟ್ಟಿಲು ಹತ್ತುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸಂದರ್ಶನದಲ್ಲೂ ನಿಜವನ್ನೇ ಹೇಳುವುದೆಂದು ಅಲ್ಲೇ ತೀರ್ಮಾನಿಸಿದ.

ಮೂರು ಗಂಟೆಗೆ ಒಳಗೆ ಹೋದ. ಉದ್ದನೆಯ ಮೇಜಿನ ಹಿಂದೆ ಮೂವರಿದ್ದರು. ನಡುವೆ ವಿಭಾಗದ ಮುಖ್ಯಸ್ಥರು. ಬಲಕ್ಕೆ ಬೇರೆ ಊರಿನಿಂದ ಕರೆಸಿದ ಪರಿಣತರು, ಈ ವಿದ್ಯೆಯಲ್ಲಿ ಬಹು ದೊಡ್ಡ ಹೆಸರು. ಎಡಕ್ಕೆ ನೇಮಕಾತಿಯ ಕಾಗದಪತ್ರ ನೋಡುವ ಫೈಲಮ್ಮ. ಆಕೆಗೆ ಭೌತಶಾಸ್ತ್ರ ಗೊತ್ತಿರಲಿಲ್ಲ. ಪ್ರತಿ ಪುಟಕ್ಕೂ ಮೊಹರು ಒತ್ತುವುದು ಆಕೆಯ ಕೆಲಸ. ಕಿಟಕಿಯಿಂದ ಬಂದ ಬಿಸಿಲಿನ ಕೋಲಿನಲ್ಲಿ ಸೀಮೆಸುಣ್ಣದ ಪುಡಿ ತೇಲುತ್ತಿತ್ತು.

"ನಿಮ್ಮ ಪ್ರಬಂಧದ ಬಗ್ಗೆ ಎರಡು ಮಾತು ಹೇಳಿ," ಎಂದರು ಮುಖ್ಯಸ್ಥರು.

"ಅದು ತಪ್ಪು ಸರ್."

ಪರಿಣತರು ನೆಟ್ಟಗೆ ಕೂತರು. "ಏನ್ರೀ ಹಾಗಂದ್ರೆ? ಅದು ಸರಿ ಅಂತ ನಾನೇ ಸ್ವತಂತ್ರವಾಗಿ ಲೆಕ್ಕ ಮಾಡಿ ಪ್ರಕಟಿಸಿದೀನಿ. ನನ್ನ ಶಿಷ್ಯರು ಪ್ರಕಟಿಸಿದಾರೆ. ಅವರ ಶಿಷ್ಯರೂ ಪ್ರಕಟಿಸಿದಾರೆ."

"ಆದ್ರೂ ತಪ್ಪು ಸರ್."

"ನಿಮ್ಮದು ತಪ್ಪು ಅನ್ನೋಕೆ ನೀವ್ಯಾರ್ರೀ?"

"ಹದಿನೇಳನೇ ಪುಟದಲ್ಲಿ ಮೇಲಿನ ಸಾಲಿಂದ ಕೆಳಗಿನ ಸಾಲು ಬರೋದೇ ಇಲ್ಲ. ನಿಮಗೆ ಹೇಗೆ ಬಂತು ಸರ್?"

ಪರಿಣತರು ನೀರು ಕುಡಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಲೆಕ್ಕ ಅವರದು ಎಂಬುದು ಆ ನೀರು ಕುಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಆದರೂ ಅವರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಮುಕ್ಕಾಲು ಗಂಟೆ ಅಂಚಪ್ಪನ ಪ್ರಬಂಧದ ಪರವಾಗಿ ಅವರೂ, ಅದರ ವಿರುದ್ಧ ಅಂಚಪ್ಪನೂ ಜಗಳಾಡಿದರು. ಅಂಚಪ್ಪ ತನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಸೀಮೆಸುಣ್ಣ ತಾನೇ ತಾನಾಗಿ ಹಲಗೆಯ ಮೇಲೆ ನಡೆಯುತ್ತಿತ್ತು, ಅವನು ಅದರ ಹಿಂದೆ ತೇಲುತ್ತಿದ್ದ. ಹದಿನೇಳನೇ ಪುಟಕ್ಕೆ ಗೀಟು ಸೇರಿಸಿ, 'ಮುಂದಿನದು ಪ್ರಬಂಧದಲ್ಲಿರುವಂತೆ' ಎಂದು ಬರೆದು, ಕೊನೆಗೆ ದೊಡ್ಡದೊಂದು ಸೊನ್ನೆ ಸುತ್ತಿದ.

ಪರಿಣತರು ಕನ್ನಡಕ ತೆಗೆದರು. "ಸೊನ್ನೆಯೇ," ಎಂದರು ಸಣ್ಣ ದನಿಯಲ್ಲಿ.

ಮುಖ್ಯಸ್ಥರು ಕುರ್ಚಿಯಿಂದ ಎದ್ದುನಿಂತರು. "ಮೂವತ್ತು ವರ್ಷದಿಂದ ಈ ಮೇಜಿನ ಹಿಂದೆ ಕೂತಿದೀನಿ. ನಾನು ಮಾಡಿದ್ದು ತಪ್ಪು ಅಂತ ಒಬ್ಬೇ ಒಬ್ಬ ಬಂದು ಹೇಳಿರಲಿಲ್ಲ. ಇಂಥವರು ಕಾಯಮ್ಮಾಗಿ ನಮಗೆ ಬೇಕು ಕಣ್ರೀ!" ಎಂದು ಪೆನ್ನಿನ ಮುಚ್ಚಳ ತೆಗೆದರು. "ಫೈಲಮ್ಮ, ಮೊಹರು ಒತ್ತಿ ಕೊಡಿ."

ಫೈಲಮ್ಮ ಅರ್ಜಿಗೆ ಲಗತ್ತಿಸಿದ್ದ ಪ್ರಬಂಧದ ಒಂದೊಂದೇ ಪುಟ ತಿರುಗಿಸಿ ಒತ್ತತೊಡಗಿದರು. ಟಪ್, ಟಪ್, ಟಪ್. ಆ ಸದ್ದು ಕೇಳುತ್ತ ಅಂಚಪ್ಪ ಮನಸ್ಸಿನಲ್ಲೇ ಮನೆಗೆ ಹೋಗಿ ಒಂದೊಂದೇ ಪೆಟ್ಟಿಗೆ ಬಿಚ್ಚುತ್ತಿದ್ದ. ಆರನೆಯ ಪೆಟ್ಟಿಗೆಯ ದಾರಕ್ಕೆ ಕೈ ಹಾಕಿದ್ದ, ಆಗ ಸದ್ದು ನಿಂತಿತು.

"ಒಂದ್ನಿಮಿಷ," ಎಂದರು ಫೈಲಮ್ಮ. "ನಂಗೆ ನಿಮ್ಮ ವಿದ್ಯೆ ಗೊತ್ತಿಲ್ಲಪ್ಪ. ಆದ್ರೆ ಇಪ್ಪತ್ತೆರಡನೇ ಪುಟದ ಕೊನೇಲಿ ಈ ಸಾಲಿನ ಹಿಂದೆ ಒಂದು ಗೀಟಿದೆ. ಪುಟ ತಿರುಗಿಸಿದ್ರೆ ಅದೇ ಅಕ್ಷರಗಳು, ಗೀಟು ಮಾತ್ರ ಇಲ್ಲ. ಅದು ಬಿದ್ದುಹೋಯ್ತಾ? ರಜೆ ಅರ್ಜೀಲಿ ಹೀಗಾದ್ರೆ ನಾನು ವಾಪಸ್ ಕಳಿಸ್ತೀನಿ."

ಅಂಚಪ್ಪ ಬಗ್ಗಿ ನೋಡಿದ. ಪರಿಣತರು ಬಗ್ಗಿ ನೋಡಿದರು. ಬಿದ್ದುಹೋಗಿತ್ತು.

ಎರಡು ಗೀಟು ಬಿಟ್ಟುಹೋಗಿದ್ದರೆ ಒಂದು ತಪ್ಪನ್ನು ಇನ್ನೊಂದು ನುಂಗಿಹಾಕುತ್ತದೆ. ಎರಡನ್ನೂ ಸೇರಿಸಿದರೆ ಮತ್ತೆ ಬರುವುದು ಒಂದು. ಅಂಚಪ್ಪ ಹಲಗೆಯ ಹತ್ತಿರ ಹೋಗಿ ಸೊನ್ನೆಯನ್ನು ಅಂಗೈಯಿಂದ ಒರೆಸಿದ. ಅವನ ಹರಳು ಮಾಮೂಲಿ ಕಲ್ಲಲ್ಲ! ಬೆಳಿಗ್ಗೆ ನೋಡಿದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡು ಅಂಚಿನ ಗುಂಟ ಓಡಿದ ಹಾಗಾಯಿತು. ಇಷ್ಟು ಸುಖ ಅವನು ಉಂಡಿರಲಿಲ್ಲ.

"ನಾನು ಮೊದಲೇ ಹೇಳಿದ್ದೆ!" ಎಂದು ಪರಿಣತರು ಕನ್ನಡಕ ಹಾಕಿಕೊಂಡರು.

ಮುಖ್ಯಸ್ಥರ ಪೆನ್ನು ಗಾಳಿಯಲ್ಲೇ ನಿಂತಿತ್ತು. "ಬೆಳಿಗ್ಗೆ ಒಂದು. ಮೂರು ಗಂಟೆಗೆ ಸೊನ್ನೆ. ನಾಲ್ಕಕ್ಕೆ ಮತ್ತೆ ಒಂದು. ಐದಕ್ಕೆ ಏನಾಗುತ್ತೆ ಅಂತ ಈಗಲೇ ಹೇಳಿ, ಕಾಯ್ತೀನಿ. ತಪ್ಪು ಎಲ್ಲರೂ ಮಾಡ್ತಾರೆ. ಒಪ್ಪಿಕೊಳ್ಳೋರು ದೊಡ್ಡವರು. ಒಪ್ಪಿಕೊಂಡಿದ್ದೂ ತಪ್ಪಾದ್ರೆ ಅವರಿಗೆ ಏನಂತಾರೆ?"

"ನಮ್ಮ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ ಸರ್," ಎಂದರು ಫೈಲಮ್ಮ.

ಮುಖ್ಯಸ್ಥರು ಯೋಚಿಸಿದರು. ಕೆಟ್ಟ ಮನುಷ್ಯರಲ್ಲ. "ಜಗಳವೇ ಬೇಡ. ಹರಳು ಕೆಳಗೆ ಯಂತ್ರದಲ್ಲಿದೆ. ಅಂಚಲ್ಲಿ ಹರಿಯುತ್ತೋ ಇಲ್ವೋ ಅದೇ ಹೇಳಲಿ. ಒಂದು ವಾರ ಕಾಯ್ತೀನಿ. ಹರಿದ ದಿನ ಸಹಿ ಮಾಡ್ತೀನಿ, ಇದು ನನ್ನ ಮಾತು."

"ಹರಿದೇ ಹರಿಯುತ್ತೆ ಸರ್!" ಎಂದ ಅಂಚಪ್ಪ.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಒಳಗೆ ಬಂದ ಹೆಂಗಸನ್ನು ಯಾರೂ ಗುರುತಿಸಲಿಲ್ಲ. ಥಂಡಿಯಕ್ಕನನ್ನು ಸ್ವೆಟರಿಲ್ಲದೆ ಅಲ್ಲಿ ಯಾರೂ ನೋಡಿರಲಿಲ್ಲ. ಮುಖವೆಲ್ಲ ಬೆಳಗುತ್ತಿತ್ತು. ಕೈಯಲ್ಲಿ ಹತ್ತಿ ಹಾಸಿದ ಒಂದು ಸಣ್ಣ ಡಬ್ಬಿ.

"ಕರೆಯದೆ ಬಂದೆ, ಕ್ಷಮಿಸಿ. ಇವರ ಬಗ್ಗೆ ಎರಡು ಒಳ್ಳೆ ಮಾತು ಹೇಳೋಣ ಅಂತ," ಎಂದಳು. "ಇವರು ಬಂದು ನಿಜ ಹೇಳದೆ ಇದ್ದಿದ್ರೆ ನಾನು ಇನ್ನೂ ಹತ್ತು ವರ್ಷ ಆ ಹರಳನ್ನ ಕಾಯ್ತಾ ಇರ್ತಿದ್ದೆ. ಇವರು ಅತ್ತ ಹೋದ ಕೂಡಲೇ ಯಂತ್ರ ನಿಲ್ಲಿಸಿ ತೆಗೆದ್ಬಿಟ್ಟೆ ನೋಡಿ! ಎರಡು ದಿನ ತಗೊಂಡು ನಿಧಾನವಾಗಿ ಬಿಸಿ ಮಾಡಬೇಕಾದ್ದು, ಖುಷೀಲಿ ಎರಡು ಗಂಟೇಲಿ ಮಾಡಿದೆ. ಟಿಣ್ ಅಂತ ಎರಡು ಹೋಳಾಯ್ತು. ಇವರ ನೆನಪಿಗೆ ಇರಲಿ ಅಂತ ತಂದೆ."

ಡಬ್ಬಿಯಲ್ಲಿ ಬೂದುಬಣ್ಣದ ಎರಡು ಚೂರುಗಳಿದ್ದವು. ಅಂಚಪ್ಪ ತನ್ನ ಹರಳನ್ನು ನೋಡಿದ್ದು ಅದೇ ಮೊದಲು.

"ಅಕ್ಕಾ," ಎಂದ ಅವನು. "ಅದು ಒಂದೇ ಅಂತೆ ಅಕ್ಕಾ. ಇನ್ನೊಂದು ಗೀಟು ಸಿಕ್ತು."

ಥಂಡಿಯಕ್ಕ ಹಲಗೆ ನೋಡಿದಳು, ಒರೆಸಿದ ಸೊನ್ನೆಯನ್ನು ನೋಡಿದಳು, ಹತ್ತಿರದ ಕುರ್ಚಿಯಲ್ಲಿ ಕೂತಳು. ಆಮೇಲೆ ಯಾರಿಗೂ ಅಲ್ಲದ ಹಾಗೆ ಮೆಲ್ಲಗೆ ಹೇಳಿದಳು: "ಬೆಳಿಗ್ಗೆ ಸೂಜಿ ಅಲ್ಲಾಡಿತ್ತು."

"ಯಾವ ಸೂಜಿ?"

"ಅಂಚಿನ ಕರೆಂಟು ಅಳೆಯೋ ಸೂಜಿ. ಮೂರು ವರ್ಷದಲ್ಲಿ ಮೊದಲನೇ ಸಲ. ನೀವು ಎಷ್ಟು ಅಲ್ಲಾಡಬೇಕು ಅಂತ ಬರೆದಿದ್ರೋ, ಸರಿಯಾಗಿ ಅಷ್ಟೇ. ಇನ್ನೊಂದ್ಸಲ ನೋಡಿ ಮೇಲೆ ಬಂದು ನಿಮಗೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀವೇ ಇಳಿದು ಬಂದ್ರಿ."

"ಆಗಲೇ ಹೇಳಬಾರದಿತ್ತಾ ಅಕ್ಕಾ!"

"ಯಾವತ್ತೂ ಹರಿಯಲ್ಲ, ಗಾಜಿನಷ್ಟು ಸ್ಪಷ್ಟ ಅಂದ್ರಲ್ಲ. ನೀವು ಅಷ್ಟು ದೊಡ್ಡ ಮನಸ್ಸು ಮಾಡಿ ಹೇಳಿದ ಮೇಲೆ, ಎಲ್ಲೋ ತಂತಿ ಸಡಿಲ ಆಗಿರಬೇಕು ಅಂದ್ಕೊಂಡೆ."

ಬಿಸಿಲಿನ ಕೋಲು ಮೇಜಿನಿಂದ ಇಳಿದು ನೆಲಕ್ಕೆ ಬಂದಿತ್ತು. ಅಂಚಪ್ಪನಿಗೆ ಅತ್ತುಬಿಡಬೇಕು ಅನ್ನಿಸಿತು. ಪಕ್ಕದಲ್ಲಿ ಅವಳೂ ಅಳುತ್ತಿದ್ದುದರಿಂದ ಸಂಕೋಚಪಟ್ಟು ಸುಮ್ಮನಿದ್ದ.

"ಇಂಥದ್ದೇ ಇನ್ನೊಂದು ಹರಳು ಬೆಳೆಸಿ ತಣ್ಣಗಾಗಿಸೋಕೆ ಎಷ್ಟು ಕಾಲ ಬೇಕಮ್ಮ?" ಎಂದು ಕೊನೆಗೆ ಮುಖ್ಯಸ್ಥರು ಕೇಳಿದರು.

"ಒಂದು ವರ್ಷ ಸರ್. ತಿಂಗಳಿಗೊಂದು ಬೆಳೆಸ್ತೀನಿ, ಆದ್ರೆ ಇಷ್ಟು ಶುದ್ಧ ಎಲ್ಲವೂ ಬರಲ್ಲ."

ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಫೈಲಮ್ಮ ಆಗಲೇ ಹಳೆಯ ಕಡತದಿಂದ ಒಂದು ಹಾಳೆ ತೆಗೆದಿದ್ದರು. "ಹಾಗಾದ್ರೆ ಒಂದು ವರ್ಷದ ಗುತ್ತಿಗೆ. ಹೋದ ವರ್ಷದ ಆದೇಶದಲ್ಲೇ ಇಸವಿ ತಿದ್ದಿದ್ರೆ ಸಾಕು ಸರ್, ಬೇರೇನೂ ಬದಲಾಗಲ್ಲ."

ಅಂಚಪ್ಪ ಸಹಿ ಮಾಡಿದ. ಆರು ವರ್ಷದ ಅಭ್ಯಾಸದಿಂದ ಕೈ ತಾನಾಗಿಯೇ ಜಾಗ ಹುಡುಕಿಕೊಂಡಿತು.

ಥಂಡಿಯಕ್ಕ ಕಣ್ಣೊರೆಸಿಕೊಂಡು ಎದ್ದು ಅವನೆದುರು ಬಂದು ನಿಂತಳು. "ನಾಳೆಯಿಂದ ನಲವತ್ತೆರಡನೇದು ಶುರು ಮಾಡ್ತೀನಿ. ಆದ್ರೆ ಈಗಲೇ, ಇವರೆಲ್ಲರ ಮುಂದೆ, ಯೋಚನೆ ಮಾಡಿ ಹೇಳಿ. ಅದು ಒಂದೇ ತಾನೇ?"

ಅಂಚಪ್ಪ ಬಾಯಿ ತೆರೆದ. ನಾಲ್ವರೂ ಅವನನ್ನೇ ನೋಡುತ್ತಿದ್ದರು. ಅವನು ಬಾಯಿ ಮುಚ್ಚಿ, ಪ್ರಬಂಧವನ್ನು ಎರಡು ಕೈಯಿಂದ ಎತ್ತಿ, ಫೈಲಮ್ಮನ ಮುಂದೆ ಇಟ್ಟ.

"ಅಮ್ಮಾ," ಎಂದ, "ಮಿಕ್ಕ ಆರು ಪುಟಾನೂ ನೀವೇ ಒಂದ್ಸಲ ನೋಡ್ಬಿಡಿ."